ಚೆಕ್‌ರೋಲಿನಲ್ಲಿ ಬರೆದಿಟ್ಟ ಓದು

ಕಳೆದ ವರ್ಷ ಆಷಾಢದಲ್ಲಿ ಅಮ್ಮ ಫೋನ್ ಮಾಡಿ ಅಪ್ಪಯ್ಯನ ಮೇಲೆ ದೂರು ಹೇಳಿದಳು. “ಇಡೀ ದಿನ ಮೊಬೈಲ್ ಹಿಡ್ಕೊಂಡು ಕೂತಿರ್ತಾರೆ. ಕರೆದ್ರೆ ಓ ಅನ್ನಲ್ಲ. ನೀನಾದ್ರೂ ಹೇಳು.” ನಾನು ಬೆಂಗಳೂರಿನಲ್ಲಿ ಕೂತು ಹೇಳಿಯೂಬಿಟ್ಟೆ. ಕಣ್ಣಿನ ಪೊರೆ ತೆಗೆಸಿ ವರ್ಷವೂ ಆಗಿಲ್ಲ, ಈ ವಯಸ್ಸಲ್ಲಿ ಅದೇನು ವಿಡಿಯೋ ಹುಚ್ಚು ಅಂತ ಮಕ್ಕಳನ್ನು ಗದರಿದ ಹಾಗೆ ಗದರಿದೆ. ಅಪ್ಪಯ್ಯ “ಆಯ್ತು ಮಾರಾಯ್ತಿ” ಎಂದಷ್ಟೇ ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಅಪ್ಪಯ್ಯ ಮಲ್ಲಂದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಹೀಗೆಂದರೆ ಹೊರಗಿನವರು ಕಥೆ ಕಾದಂಬರಿ ಬರೆಯುತ್ತಿದ್ದರೇನೋ ಅಂದುಕೊಳ್ಳುತ್ತಾರೆ. ತೋಟದ ರೈಟರ್ ಬರೆಯುವುದು ಚೆಕ್‌ರೋಲ್. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರಿಗೆ ಅರ್ಧ ದಿನ, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು ಎಂಬ ಲೆಕ್ಕ. ಆ ಲೆಕ್ಕ ಮುಗಿದ ಮೇಲೆ ಉಳಿಯುತ್ತಿದ್ದ ಹೊತ್ತೆಲ್ಲ ಅವರಿಗೆ ಓದು.

ನಾವು ಚಿಕ್ಕವರಿದ್ದಾಗ ಓದು ಅಂದರೆ ಚಿಕ್ಕಮಗಳೂರಿನಿಂದ ಬರುವ ಬಸ್ಸು. ಪತ್ರಿಕೆಗಳ ಕಟ್ಟನ್ನು ಕಂಡಕ್ಟರು ಅಂಗಡಿ ಮುಂದೆ ಇಳಿಸುತ್ತಿದ್ದ. ಒಂದೇ ಒಂದು ‘ಸುಧಾ’ ನಾಲ್ಕು ಮನೆ ಸುತ್ತುತ್ತಿತ್ತು. ನಮ್ಮದು ಮೂರನೆಯ ಮನೆ. ಅಷ್ಟರೊಳಗೆ ಯಾರೋ ಉಪ್ಪಿನಕಾಯಿ ಮಾಡುವ ವಿಧಾನವನ್ನು ಕತ್ತರಿಸಿಕೊಂಡಿರುತ್ತಿದ್ದರು. ಅದರ ಹಿಂಬದಿಯ ಧಾರಾವಾಹಿಯಲ್ಲಿ ಒಂದು ಕಿಟಕಿ ಬಿದ್ದಿರುತ್ತಿತ್ತು. ರಾತ್ರಿ ಊಟವಾದ ಮೇಲೆ ಅಪ್ಪಯ್ಯ ಗಟ್ಟಿಯಾಗಿ ಓದುವಾಗ ಆ ಕಿಟಕಿ ಬಂದರೆ ಒಂದು ಕ್ಷಣ ತಡೆದು, ತಾವೇ ನಾಲ್ಕು ಮಾತು ಕಟ್ಟಿ ಮುಂದೆ ಹೋಗುತ್ತಿದ್ದರು. ಲೈನ್ ಮನೆಗಳಿಂದಲೂ ಇಬ್ಬರು ಮೂವರು ಬಂದು ಜಗಲಿಯಲ್ಲಿ ಕೂರುತ್ತಿದ್ದರು. ರೈಟರು ಈಗ ಏನು ಓದುತ್ತಿದ್ದಾರೆ ಎಂಬುದು ಇಡೀ ತೋಟಕ್ಕೆ ಗೊತ್ತಿತ್ತು.

ಪುಸ್ತಕ ಕೊಳ್ಳುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ರಟ್ಟಿನ ಮೇಲೆ ಬೂಷ್ಟು. ಬಿಸಿಲು ಬಂದ ಮೇಲೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಪುಸ್ತಕಗಳನ್ನೂ ಹರವುತ್ತಿದ್ದೆವು. ಕೊನೆಗೊಂದು ವರ್ಷ ಗೆದ್ದಲು ಕಪಾಟಿನ ಹಿಂಬದಿಯಿಂದ ಬಂದು, ಮುಂದಿನ ರಟ್ಟುಗಳನ್ನಷ್ಟೇ ಬಿಟ್ಟು ಹೋಯಿತು. ಆಮೇಲೆ ಅಪ್ಪಯ್ಯ ಪುಸ್ತಕ ಕೊಂಡಿದ್ದು ಕಡಿಮೆ. ಕಣ್ಣು ಮಂಜಾದ ಮೇಲೆ ಓದೇ ನಿಂತಿತೆಂದು ನಾನು ತಿಳಿದಿದ್ದೆ.

ಶ್ರಾವಣದಲ್ಲಿ ಊರಿಗೆ ಹೋದಾಗ ಮೇಜಿನ ಮೇಲೆ ಹಳೆಯ ಚೆಕ್‌ರೋಲ್ ಪುಸ್ತಕವೊಂದು ಕಂಡಿತು. ಆಳುಗಳ ಹೆಸರು ಬರೆಯುವ ಕಡೆ ಪುಸ್ತಕಗಳ ಹೆಸರು. ‘ಇಂದಿರಾಬಾಯಿ’. ‘ಮಾಡಿದ್ದುಣ್ಣೋ ಮಹಾರಾಯ’. ಅದರ ಕೆಳಗೆ ಈ ಕಾಲದ ಲೇಖಕರ ಕಾದಂಬರಿಗಳು. ತಾರೀಖಿನ ಚೌಕಗಳಲ್ಲಿ ಕೆಲವಕ್ಕೆ ಪುಟದ ಸಂಖ್ಯೆ, ಕೆಲವಕ್ಕೆ 12%, 19%, 31%. ನಡುವೆ ‘ಕರೆಂಟಿಲ್ಲ’ ಅಂತ ಮೂರು ದಿನ. ನಾನು ಫೋನಿನಲ್ಲಿ ಗದರಿದ ದಿನದ ಚೌಕದಲ್ಲಿ ‘ಗೈರು’ ಅಂತ ಬರೆದಿತ್ತು.

ಏನು ಹೇಳಬೇಕೋ ತೋಚಲಿಲ್ಲ. “ಓದ್ತಿದೀನಿ ಅಂತ ಹೇಳಬಹುದಿತ್ತಲ್ಲ ಅಪ್ಪಯ್ಯ” ಎಂದೆ. “ಮೊದಲಾದ್ರೆ ಪುಸ್ತಕವೇ ಹೇಳ್ತಿತ್ತು” ಎಂದರು.

ಡಿಜಿಟಲ್ ಪುಸ್ತಕದ ಲಾಭನಷ್ಟದ ಬಗ್ಗೆ ನಾನು ಎಷ್ಟೋ ಕೇಳಿದ್ದೆ. ಈ ನಷ್ಟವನ್ನು ಯಾರೂ ಹೇಳಿರಲಿಲ್ಲ. ಕಾಗದದ ಪುಸ್ತಕ ಹಿಡಿದವನು ಓದುತ್ತಿದ್ದಾನೆಂದು ಎದುರಿಗಿದ್ದವರಿಗೆ ತಿಳಿಯುತ್ತದೆ, ಅವನನ್ನು ಸುಮ್ಮನೆ ಬಿಡುತ್ತಾರೆ. ಮೊಬೈಲ್ ಹಿಡಿದವನ ಮೇಲೆ ಅನುಮಾನವೇ ಮೊದಲು.

ಲಾಭವೂ ಅಷ್ಟೇ ದೊಡ್ಡದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಹೆಸರನ್ನು ಅಪ್ಪಯ್ಯ ಎಪ್ಪತ್ತು ದಾಟಿದ ಮೇಲೆ ಓದಿದರು. ಟವರ್ ಸಿಗುವ ತಿರುವಿನವರೆಗೆ ನಡೆದುಹೋಗಿ ಇಳಿಸಿಕೊಂಡು ಬರುತ್ತಾರೆ. ಆಮೇಲೆ ಟವರ್ ಬೇಡ.

ಆದರೆ ಎಲ್ಲ ಡಿಜಿಟಲ್ ಪುಸ್ತಕವೂ ಒಂದೇ ಅಲ್ಲ ಅಂತ ಅವರ ಬೆರಳು ನೋಡಿ ತಿಳಿಯಿತು. ಸ್ಕ್ಯಾನ್ ಮಾಡಿದ್ದು ನಿಜಕ್ಕೆ ಪುಟದ ಫೋಟೋ. ಹಿಗ್ಗಿಸಿದರೆ ಸಾಲು ಪರದೆಯಿಂದ ಹೊರಗೆ ಹೋಗುತ್ತದೆ. ಸಾಲಿನ ತುದಿಗೆ ಒಮ್ಮೆ ಎಳೆಯಬೇಕು, ಮುಂದಿನ ಸಾಲಿಗೆ ಮತ್ತೆ ವಾಪಸ್ ಎಳೆಯಬೇಕು. ‘ಇಂದಿರಾಬಾಯಿ’ಯನ್ನು ಅವರು ಹಾಗೆ ಎಳೆದೆಳೆದು ಮುಗಿಸಿದ್ದರು. ಯೂನಿಕೋಡ್ ಅಕ್ಷರಗಳಲ್ಲಿ ಸಿದ್ಧಪಡಿಸಿದ ಇ-ಪುಸ್ತಕದಲ್ಲಾದರೆ ಅಕ್ಷರ ದೊಡ್ಡದು ಮಾಡಿದಷ್ಟೂ ಸಾಲು ತಾನಾಗಿ ಮುರಿದು ಪರದೆಯೊಳಗೇ ಕೂರುತ್ತದೆ. ಇಲ್ಲೇ ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಅವರು 2007ರಲ್ಲಿ ತೀರಿಕೊಂಡರು. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕ ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದ ಇ-ಪುಸ್ತಕದ ಆ್ಯಪ್‌ಗಳು ಆಮೇಲೆ ಬಂದವು.

ಅಪ್ಪಯ್ಯನ ಮೊಬೈಲಿನಲ್ಲಿ ವಾಟ್ಸ್ಯಾಪ್‌ನಲ್ಲಿ ಬಂದ ಹೊಸ ಕಾದಂಬರಿಗಳ ಪಿಡಿಎಫ್‌ಗಳೂ ಇದ್ದವು. ಲೇಖಕ ತೀರಿಕೊಂಡು ಅರವತ್ತು ವರ್ಷ ಆಗುವವರೆಗೆ ನಮ್ಮಲ್ಲಿ ಹಕ್ಕುಸ್ವಾಮ್ಯ ಇರುತ್ತದೆ, ಗುಲ್ವಾಡಿಯವರದ್ದಾದರೆ ಸರಿ, ಇವು ಸರಿಯಲ್ಲ ಎಂದೆ. ಜೀವನವಿಡೀ ಕೂಲಿ ಲೆಕ್ಕ ಬರೆದವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. “ಹಂಗಾದ್ರೆ ಇವರ ಹಾಜರಿ ಹಾಕಿ ಸಂಬಳ ಕೊಟ್ಟಿಲ್ಲ ಅಂತಾಯ್ತು” ಎಂದು ಒಂದೊಂದಾಗಿ ಅಳಿಸಿದರು. ಅವುಗಳಲ್ಲಿ ಇ-ಪುಸ್ತಕವಾಗಿ ಸಿಗುವ ಎರಡನ್ನು ನಾನು ಕೊಂಡುಕೊಟ್ಟೆ.

ಅವರಿಗೂ ಒಂದು ತಕರಾರಿದೆ. “ಎಡಗಡೆ ಪುಟದ ಕೆಳಗೆ ಇತ್ತು ಅಂತ ನೆನಪಿಟ್ಟುಕೊಳ್ತಿದ್ದೆ. ಇದಕ್ಕೆ ಎಡವೂ ಇಲ್ಲ, ಕೆಳಗೂ ಇಲ್ಲ.” ಚೆಕ್‌ರೋಲ್ ಶುರುವಾದದ್ದು ಅದಕ್ಕೇ ಇರಬೇಕು.

ಅವತ್ತು ರಾತ್ರಿ ಮಳೆಗೆ ಕರೆಂಟು ಹೋಯಿತು. “ಗಟ್ಟಿಯಾಗಿ ಓದಿ, ನಾವೂ ಕೇಳ್ತೀವಿ” ಎಂದೆ. ಅಪ್ಪಯ್ಯ ಗಂಟಲು ಸರಿಮಾಡಿಕೊಂಡು ಮೊದಲಿನ ಹಾಗೇ ಓದಿದರು. ಅಮ್ಮ ಕತ್ತಲಲ್ಲೇ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಾ “ಹೂಂ, ಆಮೇಲೆ?” ಅನ್ನುತ್ತಿದ್ದಳು. ಕಥೆ ಬಿಗಿಯಾದಲ್ಲಿ ಮೊಬೈಲ್ ಸತ್ತುಹೋಯಿತು. ಅಪ್ಪಯ್ಯ ಒಂದು ಕ್ಷಣ ತಡೆದು, ಅದೇ ದನಿಯಲ್ಲಿ ಮುಂದುವರಿಸಿದರು.

ಎರಡು ದಿನ ಬಿಟ್ಟು ಕರೆಂಟು ಬಂತು. ಮೊಬೈಲನ್ನು ಚಾರ್ಜಿಗೆ ಹಾಕಿದವಳು ಅಮ್ಮ. “ಅವತ್ತು ನೀವು ಹೇಳಿದ್ದು ಸುಳ್ಳು ಅಂತ ನಂಗೆ ಗೊತ್ತು. ಪುಸ್ತಕದಲ್ಲಿ ಏನಿದೆ ಓದಿ” ಎಂದು ಪಕ್ಕದಲ್ಲಿ ಬಂದು ಕೂತಳು.