ಇಂಚು, ಮಿಲಿಮೀಟರುಗಳ ಎರಡು ಬೀದಿಗಳು

ಬೆಂಗಳೂರಿನ ಟೌನ್‌ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ಜೆ.ಸಿ. ರಸ್ತೆಯಲ್ಲಿ ನಡೆಯುತ್ತಾ ಹೋಗಿ. ರವೀಂದ್ರ ಕಲಾಕ್ಷೇತ್ರದ ನಾಟಕದ ಫಲಕಗಳು ಹಿಂದೆ ಉಳಿದು, ಗ್ರೀಸು ಮತ್ತು ಹೊಸ ರಬ್ಬರಿನ ವಾಸನೆ ಎದುರುಗೊಳ್ಳುತ್ತದೆ. ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಬೀದಿ ಇದು. ಬೇರಿಂಗು, ಕ್ಲಚ್ ಪ್ಲೇಟು, ಗ್ಯಾಸ್ಕೆಟ್ಟುಗಳನ್ನು ದಿನಸಿಯಂತೆ ಕಟ್ಟಿಕೊಡುತ್ತಾರೆ.

ನೆರೆಮನೆಯ ಗೆಳೆಯರ ಅಂಬಾಸಿಡರ್ ಕಾರಿಗೆ ಬ್ರೇಕಿನ ಎಣ್ಣೆ ಹೋಗುವ ನಳಿಕೆಯೊಂದನ್ನು ಕೊಳ್ಳಲು ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಆದರೂ ಹೆಸರು ಹೇಳಿದೊಡನೆ ಅಂಗಡಿಯ ಹುಡುಗ ಅಟ್ಟ ಹತ್ತಿ ಎರಡು ನಳಿಕೆ ತಂದ. ನೋಡಲು ಎರಡೂ ಅವಳಿ ಮಕ್ಕಳು. ಗಲ್ಲಾದಲ್ಲಿದ್ದ ಹಿರಿಯರು ತುದಿಯ ನಟ್ಟನ್ನು ಬೆರಳಲ್ಲಿ ಉರುಳಿಸಿ ನೋಡಿ ಒಂದನ್ನು ಬದಿಗಿಟ್ಟರು. “ಇದು ಎಂಎಂ ನಟ್ಟು ಸಾರ್. ನಿಮ್ಮದು ಇಂಚಿಂದು. ಬ್ರೇಕಿನ ವಿಷಯ, ನೋಡದೆ ಕೊಡಬಾರದು.”

ಅವರ ಮಾತಿನಲ್ಲಿ ದೊಡ್ಡ ವಿಜ್ಞಾನವಿದೆ. ಇಂಚಿನ ಲೆಕ್ಕದ ಬ್ರೇಕ್ ನಟ್ಟಿನ ವ್ಯಾಸ ಸಾಮಾನ್ಯವಾಗಿ 3/8 ಇಂಚು, ಅಂದರೆ 9.5 ಮಿಲಿಮೀಟರ್, ಇಂಚಿಗೆ 24 ಮರೆಗಳು. ಅದರ ಮೆಟ್ರಿಕ್ ಸೋದರನ ವ್ಯಾಸ 10 ಮಿಲಿಮೀಟರ್, ಮರೆಗಳ ಅಂತರ 1 ಮಿಲಿಮೀಟರ್. ದಪ್ಪನೆಯದನ್ನು ಸಣ್ಣ ರಂಧ್ರಕ್ಕೆ ತಿರುಗಿಸಿದರೆ ಮೊದಲ ಸುತ್ತಿನಲ್ಲೇ ಸಿಕ್ಕಿಕೊಳ್ಳುತ್ತದೆ, ತಪ್ಪು ತಿಳಿದುಹೋಗುತ್ತದೆ. ಅಪಾಯ ಇರುವುದು ತಿರುಗುಮುರುಗಾದಾಗ. ಇಂಚಿನ ನಟ್ಟು ಮೆಟ್ರಿಕ್ ರಂಧ್ರದೊಳಗೆ ಸಲೀಸಾಗಿ ಹೋಗುತ್ತದೆ, ಕೊನೆಗೆ ಬಿಗಿಯಾದಂತೆಯೂ ತೋರುತ್ತದೆ. ಆದರೆ ಮರೆಗಳ ಹಿಡಿತ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಇಳಿಜಾರಿನಲ್ಲಿ ಪೆಡಲನ್ನು ಜೋರಾಗಿ ತುಳಿದ ದಿನ ನಟ್ಟು ಕಿತ್ತು ಬಂದರೆ? ಅರ್ಧ ಮಿಲಿಮೀಟರಿನ ಬೆಲೆ ಒಂದು ಜೀವವೂ ಆಗಬಹುದು.

ಈ ಗೊಂದಲ ಬಂದದ್ದು ಹೇಗೆ? ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ ಶುರುವಾದ ಕಾಲಕ್ಕೇ, 1958ರ ಅಕ್ಟೋಬರ್‌ನಿಂದ, ನಮ್ಮ ದೇಶದಲ್ಲಿ ಮೆಟ್ರಿಕ್ ತೂಕ-ಅಳತೆಗಳು ಜಾರಿಗೆ ಬರತೊಡಗಿದವು. ದೇಶ ಮಿಲಿಮೀಟರಿಗೆ ಹೊರಳಿತು, ಕಾರು ಇಂಚಿನಲ್ಲೇ ಉಳಿಯಿತು. 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ವಿನ್ಯಾಸದ ಎಂಜಿನ್ನೂ ಬಂತು. ಗೆಳೆಯರ ಕಾರು ಅಂಥದ್ದು: ಎಂಜಿನ್ನಿಗೆ ಮಿಲಿಮೀಟರಿನ ಬೋಲ್ಟು, ಕೆಳಗೆ ಚಕ್ರದ ಹತ್ತಿರ ಇಂಚಿನದು. ಒಂದೇ ಮನೆಯಲ್ಲಿ ಎರಡು ಭಾಷೆ!

ನಳಿಕೆ ಸಿಕ್ಕಿತು, ಬಿಚ್ಚುವ ಸ್ಪ್ಯಾನರ್ ಇರಲಿಲ್ಲ. ಹಳೆಯ ನಟ್ಟಿನ ತಲೆ 7/16 ಇಂಚು, ಅಂದರೆ 11.1 ಮಿಲಿಮೀಟರ್. ಮನೆಯ ಪೆಟ್ಟಿಗೆಯಲ್ಲಿದ್ದ 12ರ ಸ್ಪ್ಯಾನರ್ ಅದರ ಮೇಲೆ ಜಾರುತ್ತದೆ. “ಭಾನುವಾರ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋಗಿ ನೋಡಿ” ಎಂದರು ಅಂಗಡಿಯ ಹಿರಿಯರು.

ಚಿಕ್ಕಪೇಟೆಗೆ ಹೊಂದಿಕೊಂಡ ಆ ರಸ್ತೆಯ ಸಂಡೆ ಬಜಾರ್ ನೋಡಬೇಕಾದದ್ದೇ. ಮುಚ್ಚಿದ ಅಂಗಡಿಗಳ ಮುಂದೆ ಗೋಣಿತಾಟು ಹಾಸಿ ಹಳೆಯ ಗಡಿಯಾರ, ರೇಡಿಯೋ, ಬೀಗ, ಸುತ್ತಿಗೆಗಳನ್ನು ಹರಡಿರುತ್ತಾರೆ. ಒಂದು ಸ್ಪ್ಯಾನರ್ ರಾಶಿಯ ಮುಂದೆ ನಾನು ವರ್ನಿಯರ್ ಕ್ಯಾಲಿಪರ್ಸ್ ತೆಗೆದಾಗ ಮಾರುವ ಸಾಹೇಬರು ನಕ್ಕರು: “ಮೇಷ್ಟ್ರೇ, ಚಿನ್ನ ತಗೊಳ್ತಿದ್ದೀರಾ?”

ಅಳೆದದ್ದಕ್ಕೆ ಫಲ ಸಿಕ್ಕಿತು. 1/4 ಎಂದು ಅಚ್ಚಾಗಿದ್ದ ಸ್ಪ್ಯಾನರಿನ ಬಾಯಿ 13.3 ಮಿಲಿಮೀಟರ್, ಅಂದರೆ ಅರ್ಧ ಇಂಚಿಗಿಂತಲೂ ಹೆಚ್ಚು! ಅಚ್ಚು ಸುಳ್ಳಲ್ಲ. ಅದು 1841ರಲ್ಲಿ ಜೋಸೆಫ್ ವಿಟ್‌ವರ್ತ್ ಹಾಕಿಕೊಟ್ಟ ಪದ್ಧತಿಯದು. ಅಲ್ಲಿ ಬರೆಯುವುದು ಬೋಲ್ಟಿನ ಕಾಂಡದ ವ್ಯಾಸ, ತಲೆಯ ಅಗಲವಲ್ಲ. ಕೊನೆಗೆ ರಾಶಿಯ ತಳದಲ್ಲಿ ನಮ್ಮ 7/16 ರಿಂಗ್ ಸ್ಪ್ಯಾನರ್ ಸಿಕ್ಕಿತು. ಅದರ ಉಂಗುರವನ್ನು ನಳಿಕೆ ದಾಟುವಷ್ಟು ಮಾತ್ರ ಗರಗಸದಲ್ಲಿ ಸೀಳಿಕೊಂಡೆವು. ಹೀಗೆ ಮಾಡಿದರೆ ಅದು ನಳಿಕೆಯ ಮೇಲಿಂದ ಇಳಿದು ನಟ್ಟಿನ ಮೂಲೆಗಳನ್ನೆಲ್ಲ ಹಿಡಿಯುತ್ತದೆ. ತೆರೆದ ಬಾಯಿಯ ಸ್ಪ್ಯಾನರ್ ಹಿಡಿಯುವುದು ಎರಡು ಬದಿಗಳನ್ನಷ್ಟೇ. ಅದೂ ಸಡಿಲವಾಗಿದ್ದರೆ ಬಲವೆಲ್ಲ ಎರಡು ಮೂಲೆಗಳ ಮೇಲೆ ಬಿದ್ದು ಆರು ಮೂಲೆಯ ನಟ್ಟು ದುಂಡಗಾಗುತ್ತದೆ.

ತುಕ್ಕಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆವು. ಬೆಳಿಗ್ಗೆ ನಟ್ಟು ಒಂದು ಸಣ್ಣ ‘ಟಿಕ್’ ಸದ್ದಿನೊಂದಿಗೆ ಬಿಟ್ಟಿತು. ಹೊಸ ನಳಿಕೆಯ ನಟ್ಟನ್ನು ಮೊದಲು ಬೆರಳಿನಲ್ಲೇ ತಿರುಗಿಸಿದೆವು. ಅಲುಗಾಡದೆ, ತಡೆಯದೆ ಒಳಗೆ ಹೋಯಿತು. ವ್ಯವಸ್ಥೆಯೊಳಗಿನ ಗಾಳಿ ತೆಗೆದು, ಅನುಭವಿ ಮೆಕ್ಯಾನಿಕ್ ಪರೀಕ್ಷಿಸಿದ ಮೇಲೆಯೇ ಕಾರು ಗೇಟು ದಾಟಿತು.

ಮನೆಯಲ್ಲಿ ಹಳೆಯ ವಾಹನವಿದ್ದರೆ ಪಾಲಕರು ಮಕ್ಕಳ ಕೈಗೆ ಒಂದು ವರ್ನಿಯರ್ ಕೊಟ್ಟು ನೋಡಿ. ಇಂಚನ್ನು 25.4ರಿಂದ ಗುಣಿಸಿದರೆ ಯಾವುದಕ್ಕೆ ಯಾವುದು ಹೊಂದೀತು ಎಂಬುದು ಅವರಿಗೇ ತಿಳಿಯುತ್ತದೆ: 3/4 ಇಂಚಿಗೆ 19 ಮಿಲಿಮೀಟರ್ ಸರಿಸುಮಾರು ಒಂದೇ, 1/2 ಇಂಚಿಗೆ 13 ತುಸು ಸಡಿಲ, 9/16ಕ್ಕೆ 14 ಹೋಗುವುದೇ ಇಲ್ಲ. ಪರೀಕ್ಷೆಯಲ್ಲಿ ದಶಮಾಂಶ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಅದು ಬರೀ ಅಂಕದ ಮಾತಲ್ಲ ಎಂಬುದನ್ನು ಆ ನಟ್ಟು ಯಾವ ಮೇಷ್ಟ್ರಿಗಿಂತಲೂ ಚೆನ್ನಾಗಿ ಕಲಿಸುತ್ತದೆ.