ರೆಂಡರ್‌ನಲ್ಲಿ ಮಳೆ ಬರಲ್ಲ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ನಮ್ಮ ಜಾಗ. ಅಡಿಕೆ ತೋಟದ ಮೇಲಿನ ದಿಬ್ಬ. ಅಲ್ಲೊಂದು ಮನೆ ಕಟ್ಟಬೇಕು ಅನ್ನೋದು ಅಪ್ಪನ ಆಸೆ, ಸಾಲ ನನ್ನದು.

ಬೇಸಿಗೆಯಲ್ಲಿ ಆರ್ಕಿಟೆಕ್ಟ್ ತ್ರೀಡಿ ಚಿತ್ರ ಕಳಿಸಿದರು. ಹೊಂಬಿಸಿಲು, ಪಡುವಣಕ್ಕೆ ಪೂರ್ತಿ ಗಾಜಿನ ಗೋಡೆ, ಮಟ್ಟಸವಾದ ತಾರಸಿ, ಮುಂದೆ ಹುಲ್ಲುಹಾಸು. ಲ್ಯಾಪ್‌ಟಾಪಿಗೆ ವಾಲ್‌ಪೇಪರ್ ಮಾಡಿಕೊಂಡೆ. ಆಫೀಸಲ್ಲಿ ಇಬ್ಬರು ‘ಯಾವ ರೆಸಾರ್ಟ್?’ ಅಂತ ಕೇಳಿದರು. ಸುಳ್ಳೇಕೆ, ಹೆಮ್ಮೆ ಆಯ್ತು.

ಅಮ್ಮ ಫೋನಲ್ಲಿ ನೋಡಿ ಕೇಳಿದ್ದು ಒಂದೇ: “ಹಲಸಿನ ಮರ ಎಲ್ಲೋ?”

ಮರ ಇರಲಿಲ್ಲ. ಬೆಟ್ಟ ಕಾಣೋದಕ್ಕೆ ಅಡ್ಡ ಅಂತ ತೆಗೆದಿದ್ದರು. ಅಜ್ಜಿ ನೆಟ್ಟ ಮರ, ಒಂದು ಕ್ಲಿಕ್ಕಿಗೆ ಹೋಗಿತ್ತು. ನಾನು ಚಿತ್ರವನ್ನು ಅಷ್ಟು ಸಲ ನೋಡಿದ್ದೆ, ಗಮನಿಸಿರಲೇ ಇಲ್ಲ.

ಜುಲೈನಲ್ಲಿ ಊರಿಗೆ ಹೋದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಲ್ಲಿ ಸುಮಾರು 1000. ಅಂಕಿ ಗೊತ್ತಿತ್ತು, ಆದರೆ ಅದರಲ್ಲಿ ನಿಂತಿರಲಿಲ್ಲ. ದೊಡ್ಡಪ್ಪ ನನ್ನನ್ನು ಗಾಜಿನ ಗೋಡೆ ಬರಬೇಕಾದ ಜಾಗದಲ್ಲೇ ನಿಲ್ಲಿಸಿದರು. ಪಡುವಣ ಗಾಳಿಗೆ ಮಳೆ ಅಡ್ಡಡ್ಡ ಹೊಡೀತಿತ್ತು. ಛತ್ರಿ ಇದ್ದೂ ಸೊಂಟದ ಕೆಳಗೆ ಪೂರ್ತಿ ಒದ್ದೆ, ಕಾಲಿಗೆ ಎರಡು ಇಂಬಳ.

“ಗಾಜು ಇಲ್ಲೇ ಅಲ್ವನಾ? ಇನ್ನೂ ಎರಡು ತಿಂಗಳು ಹಿಂಗೇ ಮಾರಾಯ.”

ಹಲಸಿನ ಮರದ ಮರೆಗೆ ಸರಿದಾಗ ಎರಚಲು ಅರ್ಧ ಕಡಿಮೆ ಆಯ್ತು. ಆಮೇಲೆ ದೊಡ್ಡಪ್ಪನ ಹಳೇ ಮನೆಗೆ ಹೋದ್ವಿ. ಇಳಿಜಾರು ಹೆಂಚಿನ ಮಾಡು, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರು, ಪಡುವಣ ಬದಿಗೆ ಅಡಿಕೆ ಸೋಗೆಯ ತಟ್ಟಿ. ಒಳಗೆ ಕತ್ತಲೆ ಜಾಸ್ತಿ, ನಿಜ. ಆದರೆ ಜಗಲಿ ಒಣಗಿತ್ತು. ಬಿಸಿ ಕಾಫಿ ಕುಡೀತಾ ಸಾವಿರ ಸಲ ನೋಡಿದ ಆ ಸೂರನ್ನು ಮೊದಲ ಸಲ ಅಳತೆಗಣ್ಣಲ್ಲಿ ನೋಡಿದೆ.

ಈ ಸಾಫ್ಟ್‌ವೇರ್‌ಗಳು ದಡ್ಡ ಅಲ್ಲ. ಊರಿನ ಅಕ್ಷಾಂಶ, ತಾರೀಖು, ಗಂಟೆ ಕೊಟ್ಟರೆ ನೆರಳು ಎಲ್ಲಿ ಬೀಳುತ್ತೆ ಅಂತ ಸರಿಯಾಗಿ ತೋರಿಸುತ್ತವೆ. ಆದರೆ ಯಾವ ತಾರೀಖು ಅಂತ ಆರಿಸೋದು ಮನುಷ್ಯರು, ಮತ್ತೆ ಯಾರೂ ಜುಲೈ ಆರಿಸಲ್ಲ. ಆಕಾಶ, ಮರ, ಹುಲ್ಲು ರೆಡಿಮೇಡ್ ಸಿಗುತ್ತವೆ. ವೈಡ್ ಲೆನ್ಸ್ ಹಾಕಿದರೆ ಹತ್ತಡಿ ಕೋಣೆ ಹಜಾರದಂತೆ ಕಾಣುತ್ತೆ.

ಫೈಲ್ ತರಿಸಿಕೊಂಡು ಎರಡು ರಾತ್ರಿ ಬ್ಲೆಂಡರ್‌ನಲ್ಲಿ ಕೂತೆ. ಆಕಾಶ ಬೂದಿ ಬಣ್ಣ ಮಾಡಿದೆ, ಗೋಡೆಯ ಬುಡಕ್ಕೆ ಎರಡಡಿ ಕೆಂಪು ಕೆಸರು ಎರಚಿದೆ, ಹಲಸಿನ ಮರ ವಾಪಸ್ ನೆಟ್ಟೆ. ಗಾಜಿನ ಮನೆ ಪಾಪ, ಬಸ್‌ಸ್ಟ್ಯಾಂಡ್ ತರ ಕಾಣ್ತು. ಆರ್ಕಿಟೆಕ್ಟಿಗೆ ಕಳಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಸೈಟ್ ಮಾರ್ಚ್‌ನಲ್ಲಿ ನೋಡಿದ್ದೆ” ಅಂದರು.

ಹೊಸ ಚಿತ್ರ ಹೋದ ವಾರ ಬಂತು. ಹೆಂಚಿನ ಮಾಡು, ನಾಲ್ಕಡಿ ಸೂರು, ಗಾಜು ಮೂಡಣಕ್ಕೆ. ಮರವೂ ಇದೆ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸೋದು?”