ಸೀಸೆಯೊಳಗಿನ ನಿದ್ರೆ

ನಗರದ ಒಂದು ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ದಿನ. ತಾಯಂದಿರ ಸಾಲು ಕರಗಿದೆ. ದಾದಿ ಕಂದು ಗಾಜಿನ ಪುಟ್ಟ ಸೀಸೆಯೊಂದನ್ನು ಬದಿಗೆ ಸರಿಸುತ್ತಾಳೆ. ಇನ್ನೂ ಮೂರು ನಾಲ್ಕು ಹಸುಳೆಗಳಿಗೆ ಆಗುವಷ್ಟು ಬಿ.ಸಿ.ಜಿ. ಲಸಿಕೆ ಅದರಲ್ಲಿದೆ. ಸರಿಯಾಗಿ ಆ ಹೊತ್ತಿಗೇ ಮೊಮ್ಮಗಳನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಂದ ಅಜ್ಜಿಗೆ, “ಮುಂದಿನ ವಾರ ಬನ್ನಿ ಅಜ್ಜಿ” ಎಂಬ ಉತ್ತರ.

“ಔಷಧ ಕಣ್ಣೆದುರಿಗೇ ಇದೆಯಲ್ಲಮ್ಮ! ಚೆಲ್ಲಿದರೂ ಚೆಲ್ಲುತ್ತೀರಿ, ಕೂಸಿಗೆ ಕೊಡಲಾರಿರಾ?”

ಅಜ್ಜಿಯ ಸಿಟ್ಟು ಅಕಾರಣವಾದುದಲ್ಲ. ಆದರೆ ಪುಡಿಗೆ ದ್ರಾವಣ ಬೆರೆಸಿ ನಾಲ್ಕು ಗಂಟೆ ಸಂದುಹೋಗಿದೆ. ದಾದಿಯ ಕೈಯನ್ನು ಗಡಿಯಾರ ಕಟ್ಟಿಹಾಕಿದೆ.

ಆ ಸೀಸೆಯಲ್ಲಿರುವುದು ಬರಿಯ ಔಷಧವಲ್ಲ, ಜೀವವಿರುವ ಕ್ರಿಮಿಗಳು. ಫ್ರಾನ್ಸಿನ ಲಿಲ್ ನಗರದಲ್ಲಿ ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು ದನದ ಕ್ಷಯದ ಕ್ರಿಮಿಯನ್ನು ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ ಸಾಕಿದರು. 1908ರಿಂದ ಹದಿಮೂರು ವರ್ಷ, ಸುಮಾರು ಮೂರು ವಾರಕ್ಕೊಮ್ಮೆಯಂತೆ 230 ಬಾರಿ ಅದನ್ನು ಹೊಸ ನೆಲೆಗೆ ವರ್ಗಾಯಿಸಿದರು. ನಡುವೆ ಮಹಾಯುದ್ಧ ಬಂದು ಊರು ಜರ್ಮನರ ವಶವಾಯಿತು; ಸಾಕಣೆ ನಿಲ್ಲಲಿಲ್ಲ. ಕೊನೆಗೆ ಕ್ರಿಮಿಯ ಕ್ರೌರ್ಯ ಅಳಿಯಿತು. ಹೆಪ್ಪನ್ನು ದಿನದಿನವೂ ಉಳಿಸಿಕೊಂಡು ಬರುವ ಗೃಹಿಣಿಗೆ ಈ ತಾಳ್ಮೆಯನ್ನು ವಿವರಿಸಬೇಕಾಗಿಲ್ಲ.

ಹೆಪ್ಪಿನ ತೊಂದರೆಯೇ ಇಲ್ಲಿಯೂ ಕಾಡಿತು. ಒಂದೊಂದು ದೇಶದ ಪ್ರಯೋಗಶಾಲೆಯಲ್ಲಿ ಬೆಳೆಯುತ್ತ ಹೋದಂತೆ ಕ್ರಿಮಿಯ ಗುಣ ಬೇರೆಬೇರೆಯಾಯಿತು. ದ್ರವರೂಪದ ಲಸಿಕೆಯೋ ಕೆಲವೇ ವಾರಗಳಲ್ಲಿ ನಿರುಪಯೋಗಿಯಾಗುತ್ತಿತ್ತು. 1948ರಲ್ಲಿ ಮದರಾಸಿನ ಗಿಂಡಿಯಲ್ಲಿ ಬಿ.ಸಿ.ಜಿ. ಪ್ರಯೋಗಶಾಲೆ ಸ್ಥಾಪನೆಯಾದಾಗ, ನಮ್ಮ ಬೇಸಗೆಯಲ್ಲಿ ದೂರದ ಹಳ್ಳಿಗಳಿಗೆ ಜೀವಂತ ಲಸಿಕೆಯನ್ನು ಮುಟ್ಟಿಸುವುದು ಸಣ್ಣ ಮಾತಾಗಿರಲಿಲ್ಲ.

ಪರಿಹಾರ ದೊರೆತದ್ದು ಒಣಗಿಸುವುದರಲ್ಲಿ. ಆದರೆ ಇದು ಸಂಡಿಗೆಯನ್ನು ಬಿಸಿಲಿಗಿಟ್ಟಂತಲ್ಲ. ಬಿಸಿಲು ಕ್ಷಯದ ಕ್ರಿಮಿಗೆ ಯಮ. ಸೀಸೆ ಕಂದುಬಣ್ಣದ್ದಾಗಿರುವುದೂ ಬೆಳಕಿನ ಭಯದಿಂದಲೇ. ಮೊದಲು ಕ್ರಿಮಿಗಳನ್ನು ಹೆಪ್ಪುಗಟ್ಟಿಸುತ್ತಾರೆ. ಬಳಿಕ ಗಾಳಿಯನ್ನು ಎಳೆದು ತೆಗೆಯುತ್ತಾರೆ. ಪೆಟ್ಟಿಗೆಯಲ್ಲಿಟ್ಟ ಕರ್ಪೂರ ಕರಗದೆಯೇ ಮಾಯವಾಗುವಂತೆ, ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಕ್ರಿಮಿಯ ಉಸಿರಾಟ, ಆಹಾರ, ವಂಶವೃದ್ಧಿ ಎಲ್ಲವೂ ನಿಲ್ಲುತ್ತವೆ. ಬದುಕಿದೆ ಎನ್ನಬೇಕೆ, ಸತ್ತಿದೆ ಎನ್ನಬೇಕೆ? ತತ್ವಶಾಸ್ತ್ರಜ್ಞರಿಗೆ ಬಿಡತಕ್ಕ ಪ್ರಶ್ನೆ!

ಎಲ್ಲ ಕ್ರಿಮಿಗಳೂ ಈ ನಿದ್ರೆಯಿಂದ ಏಳುವುದಿಲ್ಲ. ಮಂಜಿನ ಹರಳು ಕೆಲವನ್ನು ಇರಿಯುತ್ತದೆ. ನೀರು ಹೋದಾಗ ಕೆಲವುಗಳ ಹೊರಪೊರೆ ಕುಸಿಯುತ್ತದೆ. ಅದಕ್ಕೆಂದೇ ಸಕ್ಕರೆಯ ಜಾತಿಯ ವಸ್ತುಗಳನ್ನೋ ಸೋಡಿಯಂ ಗ್ಲುಟಮೇಟನ್ನೋ ಮೊದಲೇ ಬೆರೆಸಿರುತ್ತಾರೆ. ಸಕ್ಕರೆ ಪೊರೆಯಲ್ಲಿ ನೀರಿದ್ದ ಜಾಗದಲ್ಲಿ ನಿಂತು ಆತುಕೊಳ್ಳುತ್ತದೆ. ಸುತ್ತಲೂ ಗಾಜಿನಂತೆ ಗಟ್ಟಿಯಾಗಿ, ಒಳಗಿನ ಅಣುಗಳು ಅಲುಗದಂತೆ ಹಿಡಿಯುತ್ತದೆ.

ಅಪಾಯ ಅಲ್ಲಿಗೂ ಮುಗಿಯದು. ತೇವ ಒಳನುಗ್ಗಿದರೆ, ಸೆಕೆ ಏರಿದರೆ ಆ ಗಾಜು ಮೆತ್ತಗಾಗುತ್ತದೆ. ನಿಂತಿದ್ದ ರಾಸಾಯನಿಕ ಕ್ರಿಯೆಗಳು ಮೆಲ್ಲನೆ ಚಲಿಸತೊಡಗುತ್ತವೆ. ಆಮ್ಲಜನಕ ಪೊರೆಯ ಕೊಬ್ಬನ್ನು ಕೆಡಿಸುತ್ತದೆ. ನಿದ್ರಿಸುವ ಕ್ರಿಮಿಗೆ ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳುವ ಶಕ್ತಿ ಇಲ್ಲ. ಗಾಯಗಳು ಕೂಡುತ್ತಲೇ ಹೋಗುತ್ತವೆ. ಕಣ್ಣಿಗೆ ಮಾತ್ರ ಸತ್ತ ಪುಡಿಯೂ ಜೀವಂತ ಪುಡಿಯೂ ಒಂದೇ. ಹಸುಳೆಯ ಮಿದುಳುಪೊರೆಗೆ ಬರುವ ಕ್ಷಯವನ್ನು ತಡೆಯಬೇಕಾದ ತೊಟ್ಟು ನಿರ್ಜೀವವಾಗಿದ್ದರೆ ತಾಯಿಗೆ ತಿಳಿಯುವ ಬಗೆ ಯಾವುದು?

ಆದ್ದರಿಂದಲೇ ತಯಾರಕರು ಮಾದರಿ ಸೀಸೆಗಳನ್ನು 37 ಡಿಗ್ರಿ ಸೆಂಟಿಗ್ರೇಡಿನಲ್ಲಿ 28 ದಿನ ಇಟ್ಟು ಸಂಕಟಕ್ಕೊಡ್ಡುತ್ತಾರೆ. ತಣ್ಣಗಿಟ್ಟ ಸೀಸೆಗೆ ಹೋಲಿಸಿದರೆ ನೂರಕ್ಕೆ ಇಪ್ಪತ್ತು ಕ್ರಿಮಿಗಳಾದರೂ ಉಳಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಎಂಬತ್ತು ಸತ್ತರೂ ಉತ್ತೀರ್ಣ! ಕೇಳಿದವರಿಗೆ ಉದಾರವೆನಿಸೀತು, ಒಂದು ತಿಂಗಳ ಕಡುಸೆಕೆಯನ್ನು ನೆನೆದರೆ ಹಾಗೆನಿಸದು. ಸಾಮಾನ್ಯವಾಗಿ ಸೀಸೆಯ ವಾಸ 2ರಿಂದ 8 ಡಿಗ್ರಿಯ ತಂಪಿನಲ್ಲಿ.

ನೀರು ಸೋಕಿದೊಡನೆ ರಕ್ಷಣೆಯೆಲ್ಲ ಮುಗಿಯಿತು. ಬೇರೆ ಔಷಧಗಳಿಗೆ ಹಾಕುವಂತೆ ಇದಕ್ಕೆ ಕೆಡದಿರುವ ರಾಸಾಯನಿಕವನ್ನು ಹಾಕುವಂತಿಲ್ಲ. ಹಾಕಿದರೆ ಲಸಿಕೆಯ ಕ್ರಿಮಿಯೇ ಸಾಯುತ್ತದೆ. ಹಾಕದಿದ್ದರೆ, ಹೊತ್ತು ಕಳೆದಂತೆ ಬೇಡದ ಕ್ರಿಮಿಗಳು ಸೇರಿ ಬೆಳೆಯಬಹುದು. ನಾಲ್ಕು ಗಂಟೆಯ ಕಟ್ಟಳೆ ಇದರಿಂದ ಬಂದುದು.

ಮುಂದಿನ ವಾರ ಅಜ್ಜಿ ಬಾಗಿಲು ತೆರೆಯುವ ಮುನ್ನವೇ ಜಗಲಿಯಲ್ಲಿದ್ದಳು. ದಾದಿ ತಣ್ಣಗಿಟ್ಟಿದ್ದ ದ್ರಾವಣವನ್ನು ಪುಡಿಗೆ ಬೆರೆಸಿ, ಸೀಸೆಯ ಚೀಟಿಯ ಮೇಲೆ ಹೊತ್ತನ್ನು ಬರೆದಳು: 9–40. ಅಜ್ಜಿ ಕೂಸಿನ ಎಡತೋಳಿನ ಅಂಗಿಯನ್ನು ಮೇಲಕ್ಕೆ ಸರಿಸಿದಳು.